ಮೂರನೆಯ ಮೋರಿ

ನಮ್ಮ ಊರಿನ ಹೊಳೆದಂಡೆಯ ಮೇಲೆ ಈಗ ಒಂದು ವಾಕಿಂಗ್ ಪಾತ್ ಇದೆ. ಕುಶಾಲನಗರದ ಕಡೆಯಿಂದ ಬರುವವರು ಕಾರು ನಿಲ್ಲಿಸಿ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸಂಜೆಯಾದರೆ ಕಾಫಿಬೀಜ ಹಸನು ಮಾಡುವ ಕ್ಯೂರಿಂಗ್ ಕೆಲಸ ಮುಗಿಸಿದ ಹೆಂಗಸರು, ಸಕ್ಕರೆ ಕಾಯಿಲೆಯವರು, ಬ್ಯಾಂಕಿನವರು ಎಲ್ಲರೂ ಅಲ್ಲೇ. ಅದರ ನಕ್ಷೆ ಬರೆದವಳು ನಾನು. ಯಾರಾದರೂ ಅದನ್ನು ಹೊಗಳಿದರೆ ಈಗಲೂ ನಾನು ಮಾತು ಬದಲಿಸುತ್ತೇನೆ. ಯಾಕೆ ಎಂಬುದನ್ನು ಒಮ್ಮೆ ಬರೆದುಬಿಡಬೇಕು ಅನ್ನಿಸಿದೆ.

ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಬಸ್ ಸ್ಟ್ಯಾಂಡಿನ ಎದುರು ಒಬ್ಬ ಖಾಸಗಿ ಇಂಜಿನಿಯರರ ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ನಕ್ಷೆ ಬರೆಯುತ್ತಿದ್ದೇನೆ. ಮನೆ, ಕಲ್ಯಾಣ ಮಂಟಪ, ಎಸ್ಟೇಟಿನ ಕೂಲಿಯವರ ಲೈನುಮನೆ, ಕಾಫಿ ಒಣಗಿಸುವ ಕಣ, ಹೀಗೆ ಬಂದದ್ದನ್ನೆಲ್ಲ ಬರೆದಿದ್ದೇನೆ. ಇಂಜಿನಿಯರರಿಗೆ ಅರವತ್ತು ದಾಟಿದೆ. ಊರೆಲ್ಲ ಅವರನ್ನು ಸರ್ ಎನ್ನುತ್ತದೆ, ನಾನೂ ಹಾಗೇ. ಕೆಲಸ ಕಲಿಸಿದವರು ಅವರೇ. ನನಗಿಂತ ಆರು ವರ್ಷಕ್ಕೆ ದೊಡ್ಡವಳಾದ ಅಕ್ಕ ಇದೇ ಊರಿನ ಕೆಳಗಿನ ಬೀದಿಯಲ್ಲಿದ್ದಾಳೆ. ನಮ್ಮ ಅಪ್ಪ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಹೆಣ್ಣುಮಕ್ಕಳಿಬ್ಬರೂ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರಬೇಕು ಅನ್ನುವುದು ಅವರ ಆಸೆಯಾಗಿತ್ತು, ಹಾಗೇ ಆಯಿತು. ನಾನು ಊರಿನ ಮೇಲುಭಾಗಕ್ಕೆ ಸೊಸೆಯಾಗಿ ಹೋದೆ, ಅಕ್ಕ ಹೊಳೆ ಪಕ್ಕಕ್ಕೆ.

ಮೊದಲು ಆ ದಂಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕೆಳಗಿನ ಬೀದಿಯ ಮನೆಗಳೆಲ್ಲ ಹೊಳೆಗೆ ಬೆನ್ನು ಹಾಕಿ ನಿಂತಿದ್ದವು. ಹಿತ್ತಲಿನ ಬಾಗಿಲು ತೆಗೆದರೆ ಲಂಟಾನದ ಪೊದೆ, ಅದರಾಚೆ ಬಟ್ಟೆ ಒಗೆಯುವ ಕಲ್ಲುಗಳು, ಮರಳು ಲಾರಿ ಇಳಿದು ಹತ್ತಿ ಮಾಡಿದ ಹೊಂಡ. ಕೆಲವು ವರ್ಷದ ಹಿಂದೆ ಮಳೆ ವಿಪರೀತವಾಗಿ ಹೊಳೆ ಬೀದಿಯೊಳಗೆ ಬಂತು. ಅಕ್ಕನ ಮನೆಯಲ್ಲಿ ಕಿಟಕಿಯ ಕೆಳಪಟ್ಟಿಯವರೆಗೆ ನೀರು. ಮುಂದಿನ ವರ್ಷವೂ ಬಂತು. ತಡೆಗೋಡೆ ಬೇಕು ಎಂದು ಬೀದಿಯವರು ಪಂಚಾಯಿತಿಗೆ ಅರ್ಜಿ ಕೊಟ್ಟರು. ಗೋಡೆ ಮಂಜೂರಾದ ಮೇಲೆ, ಗೋಡೆಯ ಹಿಂದೆ ಮಣ್ಣು ತುಂಬಿಸುವುದು ಹೇಗೂ ಇದೆಯಲ್ಲ, ಅದರ ಮೇಲೊಂದು ಓಡಾಡುವ ದಾರಿಯನ್ನೂ ಮಾಡೋಣ ಎಂಬ ಮಾತು ಎದ್ದಿತು. ನಕ್ಷೆಯ ಕೆಲಸ ನಮ್ಮ ಆಫೀಸಿಗೆ ಬಂತು.

ಸರ್ ಆ ಹೊತ್ತಿಗೆ ಯಾವುದೋ ಮದುವೆಗೆಂದು ಕರಾವಳಿಗೆ ಹೋಗಿಬಂದಿದ್ದರು. ಅಲ್ಲಿಯ ಒಂದು ಸಣ್ಣ ಪಟ್ಟಣದಲ್ಲಿ ಸಮುದ್ರದ ಎದುರಿಗೇ ಉದ್ದಕ್ಕೆ ಕಟ್ಟಿದ ದಾರಿಯನ್ನು ನೋಡಿ ಅವರಿಗೆ ಹುಚ್ಚೇ ಹಿಡಿದಿತ್ತು. ಫೋನಿನಲ್ಲಿ ನಲವತ್ತು ಫೋಟೊ ತೆಗೆದುಕೊಂಡು ಬಂದು ಒಂದೊಂದನ್ನೇ ತೋರಿಸಿದರು. ಕೂರಲಿಕ್ಕೆ ಆಗುವಂಥ ಗಿಡ್ಡ ಗೋಡೆ, ಮಧ್ಯೆ ಮಧ್ಯೆ ನೀರಿಗಿಳಿಯುವ ಮೆಟ್ಟಿಲು, ಕಲ್ಲುಬೆಂಚು. ಫೋಟೊದಲ್ಲಿ ಅಳತೆ ಸಿಗುವುದಿಲ್ಲ, ನೀನೇ ಹೋಗಿ ಕಣ್ಣಾರೆ ನೋಡಿ ಅಳೆದುಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಮಡಿಕೇರಿ ದಾಟಿ ಸಂಪಾಜೆ ಘಾಟಿಯಲ್ಲಿ ಇಳಿಯುವಾಗ ಎರಡು ಸಲ ವಾಂತಿ ಮಾಡಿಕೊಂಡೆ. ಆದರೂ ಖುಷಿಯಾಗಿತ್ತು. ಕೆಲಸಕ್ಕೆಂದು ನಾನು ಜಿಲ್ಲೆಯ ಹೊರಗೆ ಹೋಗಿದ್ದು ಅದೇ ಮೊದಲು. ಡಿಪ್ಲೊಮಾದ ಗೆಳತಿಯೊಬ್ಬಳ ಮನೆಯಲ್ಲಿ ಉಳಿದು, ಬೆಳಿಗ್ಗೆ ಟೇಪು, ನೋಟ್‌ಬುಕ್ಕು ಹಿಡಿದು ಸಮುದ್ರದ ಹತ್ತಿರ ಹೋದೆ.

ದಾರಿಯ ಅಗಲ, ಗೋಡೆಯ ಎತ್ತರ, ದೀಪದ ಕಂಬದಿಂದ ಕಂಬಕ್ಕೆ ಎಷ್ಟು ದೂರ, ಎಲ್ಲ ಬರೆದುಕೊಳ್ಳುತ್ತಿದ್ದೆ. ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ಬಹಳ ಹೊತ್ತು ನೋಡುತ್ತಿದ್ದು, ಅಳೆದು ಎಂತ ಮಾಡ್ತೀರಿ ಎಂದು ಕೇಳಿದರು. ಹೇಳಿದೆ. ಅವರು ಮೂವತ್ತು ವರ್ಷ ಆ ದಾರಿಯ ರಿಪೇರಿ ಕೆಲಸ ನೋಡಿಕೊಂಡಿದ್ದವರಂತೆ. ಅದರ ಕಥೆಯನ್ನೆಲ್ಲ ಹೇಳಿದರು. ಮೊದಲು ಅಲ್ಲಿ ದೋಣಿ ಎಳೆದು ನಿಲ್ಲಿಸುವ ಜಾಗವಿತ್ತು, ಬರೀ ಕಲ್ಲು ಸುರಿದಿದ್ದರು. ಕಡಲು ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಕಲ್ಲನ್ನು ಎಳೆದುಕೊಳ್ಳುತ್ತಿತ್ತು. ಆಮೇಲೆ ಗೋಡೆ ಕಟ್ಟಿದರು. ಮೊದಲ ಗೋಡೆ ಎರಡೇ ಮಳೆಗಾಲಕ್ಕೆ ಬಿದ್ದುಹೋಯಿತು. ಅಲೆ ಹೊಡೆದು ಬಿತ್ತಾ ಎಂದೆ, ನೋಟ್‌ಬುಕ್ಕಿನಿಂದ ತಲೆ ಎತ್ತದೆ.

"ಅಲೆಗೆ ಅದು ಬೀಳಲಿಲ್ಲ ಅಮ್ಮಾ. ಊರಿನ ಮಳೆನೀರು ಹಿಂದೆ ನಿಂತು ದೂಡಿತು. ಗೋಡೆ ಕಟ್ಟಿದವರು ಕಡಲನ್ನು ಮಾತ್ರ ನೋಡಿದ್ದು" ಎಂದರು.

ಎದ್ದು ಬಂದು ಗೋಡೆಯ ಬುಡದಲ್ಲಿದ್ದ ಕಿಂಡಿಗಳನ್ನೂ ತೋರಿಸಿದರು. ಪ್ರತಿ ಕಿಂಡಿಗೂ ಹೊರಗಿನಿಂದ ಕಬ್ಬಿಣದ ಒಂದು ಬಾಗಿಲು. ಬಾಗಿಲಿನ ತಿರುಗಣೆ ಮೇಲ್ಗಡೆ. ಊರಿನ ನೀರು ಒಳಗಿನಿಂದ ತಳ್ಳಿದರೆ ಅದು ತೆರೆದುಕೊಳ್ಳುತ್ತದೆ, ಕಡಲು ಏರಿ ಹೊರಗಿನಿಂದ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಅವಕ್ಕೆಲ್ಲ ಗ್ರೀಸು ಹಚ್ಚುವುದೇ ಅವರ ದೊಡ್ಡ ಕೆಲಸವಾಗಿತ್ತಂತೆ. ಒಂದು ಬಾಗಿಲಿನ ಚಿತ್ರ ಬರೆದುಕೊಂಡೆ. ನಿಜ ಹೇಳಬೇಕೆಂದರೆ ಅದು ಅವರ ಮನಸ್ಸು ನೋಯಬಾರದು ಎಂಬ ಮರ್ಯಾದೆಗೆ. ನನ್ನ ತಲೆಯಲ್ಲಿ ಇದ್ದದ್ದು ಬೆಂಚು ಮತ್ತು ಮೆಟ್ಟಿಲು.

ಫೆಬ್ರವರಿಯಲ್ಲಿ ನಮ್ಮ ಹೊಳೆದಂಡೆಯ ಸರ್ವೆ ಮಾಡಿದೆವು. ಬಿಸಿಲು ಚುರುಗುಟ್ಟುತ್ತಿತ್ತು. ಹೊಳೆಯಲ್ಲಿ ಬಂಡೆಗಳ ನಡುವೆ ಒಂದಿಷ್ಟೇ ನೀರು. ಲೆವೆಲ್ ಮಷಿನ್ ಇಟ್ಟು ಕಂಟ್ರ್ಯಾಕ್ಟರ್ ಕಡೆಯ ಮೇಸ್ತ್ರಿಗೆ ಸ್ಟಾಫು ಎಂಬ ಅಳತೆಗೋಲು ಹಿಡಿಯಲು ಹೇಳಿ, ಮೂರು ದಿನ ಅಳೆದೆ. ಬೀದಿಯ ಮಳೆನೀರು ಹೊಳೆಗೆ ಬೀಳುವ ಮೋರಿ ಎಲ್ಲೆಲ್ಲಿದೆ ಎಂದು ಗುರುತು ಹಾಕಿಕೊಂಡೆ. ಎರಡು ಸಿಕ್ಕವು. ನಕ್ಷೆಯಲ್ಲಿ ಆ ಎರಡರ ಮೇಲೂ ಚಪ್ಪಡಿ ಹಾಸಿ ದಾರಿ ದಾಟಿಸಿದೆ. ಹೊಳೆ ಕಡೆ ಸೈಜುಗಲ್ಲಿನ ಗೋಡೆ, ಹಿಂದೆ ಮಣ್ಣಿನ ದಿಣ್ಣೆ, ದಿಣ್ಣೆಯ ಮೇಲೆ ಎಂಟಡಿಯ ದಾರಿ. ಬೆಂಚು, ಮೆಟ್ಟಿಲು ಎಲ್ಲ ಕಡಲ ಪಕ್ಕದ್ದರ ಅಳತೆಯೇ. ಕಬ್ಬಿಣದ ಬಾಗಿಲು ಮಾತ್ರ ಹಾಕಲಿಲ್ಲ. ಸರ್ ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿ, ಎರಡು ಕಡೆ ತಿದ್ದಿ ಸಹಿ ಹಾಕಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಸೈಟಿಗೆ ಹೋಗಿ ನೋಡುವುದನ್ನು ಅವರು ನನ್ನ ಮೇಲೆ ಬಿಟ್ಟು ಆಗಲೇ ವರ್ಷವಾಗಿತ್ತು.

ತಿಂಗಳೊಳಗೆ ಗೋಡೆಯ ಕೆಲಸ ಶುರುವಾಯಿತು. ಎಲ್ಲರಿಗಿಂತ ಸಂಭ್ರಮಪಟ್ಟವಳು ಅಕ್ಕ. ಅವಳ ಹಿತ್ತಲಿಗೂ ದಾರಿಗೂ ನಡುವೆ ಒಂದು ಖಾಲಿ ಸೈಟು ಮಾತ್ರ. ದಾರಿಯಾದರೆ ಅಲ್ಲಿ ಸಂಜೆ ಹೊತ್ತು ಅಕ್ಕಿರೊಟ್ಟಿ, ಎಳ್ಳು ಚಟ್ನಿ, ಕಾಫಿ ಇಟ್ಟುಕೊಂಡು ಒಂದು ಸಣ್ಣ ಕ್ಯಾಂಟೀನು ಮಾಡುತ್ತೇನೆ ಎಂದು ಹಾರಾಡುತ್ತಿದ್ದಳು. ಭಾವ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸಕ್ಕಿರುವವರು, ಮಾತು ಕಡಿಮೆ. ಅವರು ಕೂಡ ಒಂದು ದೊಡ್ಡ ಕಾವಲಿ ತಂದಿಟ್ಟರು. ಬೀದಿಯವರಿಗೆಲ್ಲ ಅಕ್ಕ, ನನ್ನ ತಂಗಿಯೇ ಡ್ರಾಯಿಂಗ್ ಮಾಡಿರೋದು ಎಂದು ಹೇಳಿದ್ದಳು.

ಏಪ್ರಿಲಿನಲ್ಲಿ ಕಾಫಿ ಹೂವಿಗೆ ಬರುವ ಮಳೆ ಆ ಸಲ ತಡವಾಗಿ, ಜೋರಾಗಿ ಬಂತು. ಭಾನುವಾರ ಮಧ್ಯಾಹ್ನ ನಾನು ಅಕ್ಕನ ಮನೆಯ ಜಗಲಿಯಲ್ಲಿದ್ದೆ. ಗುಡುಗಿ ಅರ್ಧ ಗಂಟೆ ಹೊಡೆಯಿತು. ಬೀದಿಯ ನೀರೆಲ್ಲ ಕೆಂಪಗೆ ಹರಿದು ಬಂದು ಅಕ್ಕನ ಮನೆ ಪಕ್ಕದಲ್ಲೇ ತಿರುಗಿ, ಖಾಲಿ ಸೈಟಿನೊಳಗೆ ನುಗ್ಗಿತು. ಅಲ್ಲಿ ಯಾರೋ ಮನೆ ಕೆಡವಿದ ಮಣ್ಣು ಸುರಿದಿದ್ದರು, ಮೇಲೆಲ್ಲ ಲಂಟಾನ ಬೆಳೆದಿತ್ತು. ಆ ಪೊದೆಯ ಬುಡದಲ್ಲಿ ನೀರು ಗಿರಗಿರ ಸುತ್ತಿ ಮಾಯವಾಗುತ್ತಿತ್ತು.

ಈ ನೀರು ಎಲ್ಲಿಗೆ ಹೋಗುತ್ತೆ ಎಂದು ಕೇಳಿದೆ.

ಇನ್ನೆಲ್ಲಿಗೆ, ಹೊಳೆಗೆ ಎಂದಳು ಅಕ್ಕ. ಆ ಮಣ್ಣಿನ ಅಡಿಯಲ್ಲಿ ಮಾವನವರ ಕಾಲದ ಕಲ್ಲಿನ ಮೋರಿ ಇದೆಯಂತೆ. ಇಡೀ ಬೀದಿಗೆ ಅದೇ ದೊಡ್ಡದು, ಉಳಿದೆರಡು ಹೆಸರಿಗೆ ಮಾತ್ರ. ಹೇಳಿ, ಒಣಹಾಕಿದ್ದ ಬಟ್ಟೆ ನೆನೆಯಿತು ಎಂದು ಗೊಣಗುತ್ತ ಒಳಗೆ ಹೋದಳು.

ನನ್ನ ನಕ್ಷೆಯಲ್ಲಿ ಇದ್ದದ್ದು ಆ ಉಳಿದೆರಡೇ. ಕೊಡೆ ಹಿಡಿದು ಸೈಟಿನ ಪಕ್ಕದಿಂದ ಹೋಗಿ ನೋಡಿದೆ. ಅಲ್ಲಿ ಗೋಡೆ ಆಗಲೇ ನನ್ನ ಎದೆಯ ಎತ್ತರಕ್ಕೆ ಎದ್ದಿತ್ತು. ಲಂಟಾನ, ಮಣ್ಣು ಮುಚ್ಚಿ ಸರ್ವೆಯಲ್ಲಿ ನನಗೆ ಕಾಣದೆ ಹೋದ ಮೋರಿಯ ಬಾಯಿ ಇರಬೇಕಾದ ಜಾಗದಲ್ಲಿ ಈಗ ಸೈಜುಗಲ್ಲು, ಸಿಮೆಂಟು. ಗೋಡೆಯ ಹಿಂದೆ ಇನ್ನೂ ಮಣ್ಣು ತುಂಬಿಸಿರಲಿಲ್ಲವಾದ್ದರಿಂದ ನೀರು ಅಲ್ಲಿ ಮಡುಗಟ್ಟಿ, ನಿಧಾನಕ್ಕೆ ಪಕ್ಕಕ್ಕೆ ಜಾರುತ್ತಿತ್ತು. ದಿಣ್ಣೆ ಎದ್ದ ಮೇಲೆ ಜಾರಲು ಪಕ್ಕವೂ ಇರುವುದಿಲ್ಲ. ಹೊಳೆ ಒಳಗೆ ಬರದಂತೆ ಕಟ್ಟಿದ ಗೋಡೆ ಬೀದಿಯ ನೀರು ಹೊರಗೆ ಹೋಗದಂತೆ ತಡೆಯುತ್ತದೆ. ಕಡಲ ಪಕ್ಕದ ಆ ಮುದುಕರು ಹೇಳಿದ್ದು ಇದನ್ನೇ, ಆಗ ನಾನು ಬೆಂಚಿನ ಅಗಲ ಬರೆದುಕೊಳ್ಳುತ್ತಿದ್ದೆ.

ಅಕ್ಕ ಕಾಫಿ ತಂದಳು, ಕುಡಿದೆ. ಯಾಕೆ ಮುಖ ಹೀಗಾಗಿದೆ ಎಂದಳು. ತಲೆನೋವು ಎಂದೆ. ಅದು ನಾನು ಹೇಳಿದ ಮೊದಲ ಸುಳ್ಳು.

ಮಾರನೆಯ ದಿನ ಸರ್‌ಗೆ ಹೇಳಬೇಕೆಂದು ಬೇಗನೆ ಹೋದೆ. ಅವರು ಕಣ್ಣಿನ ಆಪರೇಷನ್ ವಿಷಯಕ್ಕೆ ಮೈಸೂರಿಗೆ ಹೋಗಿದ್ದರು. ಒಳಗೊಳಗೇ ಸಮಾಧಾನವಾಯಿತು, ಇನ್ನೊಂದು ದಿನ ಸಿಕ್ಕಿತಲ್ಲ ಎಂದು. ಹಾಗೆ ಸಮಾಧಾನಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ಅವರು ಬಂದದ್ದು ನಾಲ್ಕು ದಿನದ ಮೇಲೆ. ಬಾಗಿಲು ಮುಂದಕ್ಕೆ ತಳ್ಳಿ, ನಕ್ಷೆ ಬಿಚ್ಚಿ, ನಿಂತುಕೊಂಡೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಷೆಯನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ಆ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ ಕೆಳಗಿರುವುದು ತಮ್ಮ ಸಹಿ, ಬೀದಿಯವರನ್ನು ಒಂದು ಮಾತು ಕೇಳಬೇಕಿತ್ತು, ತಾವೂ ಕೇಳಲಿಲ್ಲ ಎಂದರು. ಮಂಜೂರಾದ ನಕ್ಷೆಯನ್ನು ಬದಲಿಸಲು ಮೇಲಿನಿಂದ ಒಪ್ಪಿಗೆ ಬೇಕು. ಅವತ್ತೇ ಕಾಗದ ಬರೆದರು. ನಾನೇ ಟೈಪು ಮಾಡಿ, ನಾನೇ ಪಂಚಾಯಿತಿ ಆಫೀಸಿಗೆ ಕೊಂಡೊಯ್ದು ಕೊಟ್ಟು ಬಂದೆ.

ಒಪ್ಪಿಗೆ ಬರಲಿಲ್ಲ. ಇಲ್ಲ ಎಂದೂ ಯಾರೂ ಹೇಳಲಿಲ್ಲ. ಬರುತ್ತದೆ, ಮೇಲೆ ಹೋಗಿದೆ, ಮುಂದಿನ ವಾರ ಎನ್ನುತ್ತಿದ್ದರು. ಮೇ ಪೂರ್ತಿ ಹೀಗೇ ಹೋಯಿತು. ಮಳೆಗಾಲಕ್ಕೆ ಮುಂಚೆ ಮಣ್ಣಿನ ಕೆಲಸ ಮುಗಿಯಬೇಕೆಂದು ಕಂಟ್ರ್ಯಾಕ್ಟರು ದಿಣ್ಣೆ ಏರಿಸುತ್ತಲೇ ಇದ್ದ. ನಾನು ಮೇಸ್ತ್ರಿಯನ್ನು ಹಿಡಿದು, ಅಲ್ಲೊಂದು ಕಿಂಡಿ ಬಿಟ್ಟುಬಿಡಿ ಎಂದೆ. ಅವರು ತಮಿಳು ಮಾತಿನವರು, ನಮ್ಮೂರಿಗೆ ಬಂದು ಮೂವತ್ತು ವರ್ಷವಾಗಿದೆ. ನೀವು ಕಾಗದ ತನ್ನಿ ಮೇಡಂ, ಒಂದೇ ದಿನದಲ್ಲಿ ಒಡೆದುಕೊಡುತ್ತೇನೆ, ಕಾಗದವಿಲ್ಲದೆ ಒಂದು ಕಲ್ಲು ಮುಟ್ಟಿದರೂ ನನ್ನ ಕೂಲಿಯವರ ಅನ್ನ ಹೋಗುತ್ತದೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಜೂನ್ ಬಂತು. ಮಳೆಯ ಸದ್ದು ಕೇಳಿದರೆ ತಟ್ಟೆ ಬಿಟ್ಟು ಎದ್ದು ಕಿಟಕಿಗೆ ಹೋಗುತ್ತಿದ್ದೆ. ಆಫೀಸಿಗೆ ಹೋಗುವಾಗ ಹೊಳೆ, ಬರುವಾಗ ಹೊಳೆ. ಮೊದಮೊದಲು ಮಳೆ ಸಣ್ಣಗಿತ್ತು, ಬೀದಿಯ ನೀರನ್ನು ಉಳಿದೆರಡು ಮೋರಿಗಳೇ ಎಳೆದುಕೊಂಡವು. ಹಾಗಾದರೆ ಏನೂ ಆಗುವುದಿಲ್ಲವೇನೋ ಎಂಬ ಆಸೆ ಹುಟ್ಟುತ್ತಿತ್ತು. ಮರುದಿನ ಮೋಡ ಕಂಡರೆ ಮತ್ತೆ ಅದೇ. ನನ್ನ ಗಂಡನಿಗೆ ಮಾತ್ರ ವಿಷಯ ಹೇಳಿದ್ದೆ. ಅಕ್ಕನಿಗೆ ಹೇಳಿಬಿಡು ಎಂದು ಅವರು ಮೂರು ನಾಲ್ಕು ಸಲ ಹೇಳಿದರು. ಹೇಳುತ್ತೇನೆ ಎನ್ನುತ್ತಿದ್ದೆ. ಭಾನುವಾರ ಹೋಗುತ್ತಿದ್ದೆ. ಅಕ್ಕ ಕ್ಯಾಂಟೀನಿಗೆಂದು ತಂದ ಸ್ಟೀಲಿನ ಲೋಟ, ತಟ್ಟೆ ತೋರಿಸುತ್ತಿದ್ದಳು. ಒಪ್ಪಿಗೆ ಈ ವಾರ ಬರಬಹುದು, ಬಂದ ಮೇಲೆ ಸರಿಮಾಡಿಯೇ ಹೇಳೋಣ, ಸುಮ್ಮನೆ ಯಾಕೆ ಅವಳನ್ನು ಹೆದರಿಸುವುದು ಎಂದುಕೊಂಡು ಎದ್ದು ಬರುತ್ತಿದ್ದೆ. ಅವಳನ್ನು ಹೆದರಿಸಬಾರದು ಅನ್ನುವುದು ನೆಪ. ಅವಳ ಕಣ್ಣಲ್ಲಿ ಸಣ್ಣವಳಾಗುವ ಹೆದರಿಕೆ ನನ್ನದು.

ಜುಲೈ ಕೊನೆಯಲ್ಲಿ ಮೂರು ದಿನ ಬಿಡದೆ ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಅಕ್ಕ ಆಫೀಸಿಗೆ ಫೋನು ಮಾಡಿದಳು. ಬೀದಿಯಲ್ಲಿ ನೀರು ನಿಂತಿದೆ, ಹೊಸ್ತಿಲಿಗೆ ಬರುತ್ತಿದೆ, ಹೊಳೆ ನೋಡಿದರೆ ಇನ್ನೂ ಕೆಳಗೇ ಇದೆ, ಇದು ಯಾವ ಕಡೆಯಿಂದ ಬಂತೋ ಗೊತ್ತಾಗುತ್ತಿಲ್ಲ ಎಂದಳು. ಬಂದೆ ಎಂದಷ್ಟೇ ಹೇಳಿ ಓಡಿದೆ. ಓಡುತ್ತಲೇ ಸರ್‌ಗೆ ಫೋನು ಮಾಡಿದೆ.

ಬೀದಿಯ ಬಾಯಲ್ಲೇ ಪಾದ ಮುಳುಗಿತು. ಅಕ್ಕನ ಮನೆ ಹತ್ತಿರ ಮೊಣಕಾಲಿಗೆ ಬಂತು. ಕೆಂಪು ನೀರು, ಅದರ ಮೇಲೆ ಚಪ್ಪಲಿ, ಪ್ಲಾಸ್ಟಿಕ್ ಬಕೆಟು ತೇಲುತ್ತಿದ್ದವು. ದಿಣ್ಣೆಯ ಮೇಲೆ ಹತ್ತಿ ನೋಡಿದೆ. ಎಡಗಡೆ ಹೊಳೆ ಗೋಡೆಯ ಅರ್ಧಕ್ಕಿಂತ ಕೆಳಗೆ ಹರಿಯುತ್ತಿದೆ. ಬಲಗಡೆ ಬೀದಿ ಅದಕ್ಕಿಂತ ಎತ್ತರದಲ್ಲಿ ತುಂಬಿ ನಿಂತಿದೆ. ನಡುವೆ ನಾನು ಬರೆದ ದಾರಿ.

ಅಕ್ಕ ಮಂಚದ ಮೇಲೆ ನಿಂತು ಅಕ್ಕಿ ಡಬ್ಬ, ಹಾಸಿಗೆ ಎಲ್ಲವನ್ನೂ ಅಟ್ಟಕ್ಕೆ ಏರಿಸುತ್ತಿದ್ದಳು. ಭಾವ ಕೆಲಸಕ್ಕೆ ಹೋಗಿದ್ದರು. ನಾನು ನೀರಲ್ಲಿ ನಿಂತುಕೊಂಡೇ ಡಬ್ಬ ಎತ್ತಿಕೊಡುತ್ತ ಹೇಳಿಬಿಟ್ಟೆ. ಸೈಟಿನ ಅಡಿಯ ಮೋರಿಯನ್ನು ನಾನು ನಕ್ಷೆಯಲ್ಲಿ ಬಿಟ್ಟುಬಿಟ್ಟೆ, ಅದಕ್ಕೇ ಈ ನೀರು, ಏಪ್ರಿಲಿನಲ್ಲೇ ಗೊತ್ತಾಯಿತು, ಕಾಗದ ಕೊಟ್ಟಿದ್ದೇವೆ, ಒಪ್ಪಿಗೆ ಬಂದಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ. ಅವಳು ಡಬ್ಬ ತೆಗೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಏಪ್ರಿಲಿಂದ ಗೊತ್ತಿತ್ತಾ ನಿಂಗೆ?"

ತಲೆಯಾಡಿಸಿದೆ.

"ತಪ್ಪು ಯಾರಾದ್ರೂ ಮಾಡ್ತಾರೆ ಕಣೆ. ಆದ್ರೆ ಮೂರು ತಿಂಗ್ಳು ನಮ್ಮನೆ ಜಗಲೀಲೇ ಕೂತು ಕಾಫಿ ಕುಡಿದ್ಯಲ್ಲ. ಒಂದು ಮಾತು ಹೇಳಿದ್ರೆ ಹಾಸಿಗೆನಾದ್ರೂ ಮೇಲಿಟ್ಟು ಮಲಗ್ತಿದ್ದೆ" ಎಂದಳು. ಧ್ವನಿ ಏರಿಸಲಿಲ್ಲ. ಆಮೇಲೆ, ಆ ಮಿಕ್ಸಿ ಎತ್ತಿಕೊಡು ಎಂದಳು.

ಹೊರಗೆ ಸರ್ ಬಂದಿದ್ದರು. ಒಂದು ಕಣ್ಣಿಗೆ ಆಪರೇಷನ್ ಆಗಿ ಎರಡು ವಾರವಾಗಿತ್ತಷ್ಟೆ, ಕಪ್ಪು ಕನ್ನಡಕ ಹಾಕಿದ್ದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಕೊಡೆ ಹಿಡಿದು ದಿಣ್ಣೆಯ ಮೇಲೆ ನಿಂತು ಎರಡೂ ಕಡೆ ನೋಡಿದರು. ಮೇಸ್ತ್ರಿಯೂ ಬಂದರು. ರಸ್ತೆ ಬದಿ ನಿಂತಿದ್ದ ಜೆಸಿಬಿಯನ್ನು ಕರೆಸಿ, ಅಗೆಯಿರಿ ಎಂದರು ಸರ್. ಮೇಸ್ತ್ರಿ ಕಾಗದ ಎಂದು ಬಾಯಿ ತೆರೆಯುವಷ್ಟರಲ್ಲಿ, "ನಾನು ಹೇಳ್ತಿದೀನಿ. ಯಾರು ಕೇಳಿದ್ರೂ ನನ್ನ ಹೆಸ್ರು ಹೇಳಿ" ಎಂದರು.

ಪುಣ್ಯಕ್ಕೆ ಆ ಭಾಗದಲ್ಲಿ ಇಂಟರ್‌ಲಾಕ್ ಕಲ್ಲು ಇನ್ನೂ ಹಾಕಿರಲಿಲ್ಲ. ಜೆಸಿಬಿ ದಿಣ್ಣೆಗೆ ಅಡ್ಡಲಾಗಿ ಕಾಲುವೆ ತೋಡಿತು, ಬೀದಿಯ ಕಡೆ ಮಾತ್ರ ಮಣ್ಣಿನ ಒಂದು ಏರಿ ಉಳಿಸಿತು. ಇನ್ನು ಗೋಡೆಯ ಕಲ್ಲು ಕೈಯಿಂದಲೇ ಕೀಳಬೇಕು. ಹಸಿ ದಿಣ್ಣೆ, ಹಿಂದೆ ಅಷ್ಟು ನೀರು. ಮೇಸ್ತ್ರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು, ಮೇಲಿನಿಂದ ನಾಲ್ಕು ಜನ ಹಗ್ಗ ಹಿಡಿದರು. ಒಂದೊಂದೇ ಕಲ್ಲನ್ನು ಹಾರೆಯಿಂದ ಮೀಟಿ ಹೊಳೆಗೆ ಉರುಳಿಸುತ್ತ ಬಂದರು. ನನಗೆ ಗೋಡೆ ಇಡಿಯಾಗಿ ಕುಸಿದು ಅವರನ್ನೂ ಎಳೆದುಕೊಂಡು ಹೋಗುತ್ತದೆ ಎನ್ನುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಆ ಅರ್ಧ ಗಂಟೆ ನಾನು ದೇವರನ್ನು ಬೇಡಲಿಲ್ಲ, ಕಲ್ಲುಗಳನ್ನು ಎಣಿಸುತ್ತಿದ್ದೆ. ಬುಡದ ಸಾಲು ಬಿಚ್ಚಿದ ಮೇಲೆ ಅವರನ್ನು ಮೇಲಕ್ಕೆ ಎಳೆದರು. ಜೆಸಿಬಿ ಉಳಿದ ಏರಿಯನ್ನು ಕೆದಕಿತು. ನೀರು ಮೊದಲು ಬೆರಳಿನಷ್ಟು ಬಂತು, ಆಮೇಲೆ ಮಣ್ಣನ್ನು ಕೊಚ್ಚಿಕೊಂಡು ಧೋ ಎಂದು ಹೊಳೆಗೆ ಬಿತ್ತು. ಎರಡು ತಾಸಿನಲ್ಲಿ ಬೀದಿಯ ಕೆಸರು ಕಾಣಿಸಿತು.

ಅಲ್ಲಿಗೆ ಮುಗಿಯಲಿಲ್ಲ. ಮಾರನೆಯ ದಿನ ಹೊಳೆ ಏರಿ ಅದೇ ಕಿಂಡಿಯಿಂದ ಒಳಗೆ ಬರಲು ಹೊರಟಿತು. ಬೀದಿಯವರೆಲ್ಲ ಸೇರಿ ಮರಳಿನ ಮೂಟೆ ಪೇರಿಸಿ ಕಿಂಡಿಯನ್ನೂ ಉಳಿದೆರಡು ಮೋರಿಗಳ ಬಾಯನ್ನೂ ಮುಚ್ಚಿದರು, ಒಳಗೆ ಸೇರಿದ ಮಳೆನೀರನ್ನು ಪಂಪು ಹಾಕಿ ಎತ್ತಿದರು. ನಾನೂ ಮೂಟೆ ಹೊತ್ತೆ. ಅಕ್ಕನೂ ಹೊತ್ತಳು, ನನ್ನ ಪಕ್ಕದಲ್ಲೇ. ಯಾರಿಗೂ ಜೀವಕ್ಕೆ ಏನೂ ಆಗಲಿಲ್ಲ. ಅಕ್ಕನ ಮನೆಯ ಒಳಗೋಡೆಯ ಸುಣ್ಣ ಉದುರಿತು, ಕಪಾಟಿನ ಕೆಳಗಿದ್ದ ಅವಳ ಮದುವೆಯ ಫೋಟೊಗಳು ಅಂಟಿಕೊಂಡು ಹೋದವು. ಅವನ್ನು ಬಿಡಿಸಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ.

ಒಪ್ಪಿಗೆಯಿಲ್ಲದೆ ಒಡೆದದ್ದು ಯಾಕೆ ಎಂದು ಸರ್‌ಗೆ ನೋಟೀಸು ಬಂತು. ಮೋರಿ ಬಿಟ್ಟುಹೋಗಿದ್ದು ನನ್ನಿಂದ ಎಂದು ನಾನೊಂದು ಕಾಗದ ಬರೆದು ಅವರ ಮೇಜಿನ ಮೇಲಿಟ್ಟೆ. ಅವರು ಓದಿ, ಮಡಚಿ, ಫೈಲಿನಲ್ಲಿಟ್ಟುಕೊಂಡರು. ಉತ್ತರವನ್ನು ತಮ್ಮ ಹೆಸರಿನಲ್ಲೇ ಕೊಟ್ಟರು. ನಾನು ಬರೆದ ಕಾಗದವನ್ನು ಕಳಿಸಿದರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ. ಮಳೆ ನಿಂತ ಮೇಲೆ ಮೂರನೆಯ ಮೋರಿಯನ್ನು ಹೊಸದಾಗಿ ಕಟ್ಟಿದರು. ಈ ಸಲ ಮೂರು ಮೋರಿಗಳಿಗೂ ಹೊಳೆಯ ಕಡೆ ಕಬ್ಬಿಣದ ಬಾಗಿಲು ಹಾಕಿಸಿದೆ, ಕರಾವಳಿಯಲ್ಲಿ ಬರೆದುಕೊಂಡ ಆ ಒಂದು ಚಿತ್ರವನ್ನು ನೋಡಿಕೊಂಡು. ಆ ಮುದುಕರ ಹೆಸರನ್ನೂ ಫೋನ್ ನಂಬರನ್ನೂ ನಾನು ಕೇಳಿರಲಿಲ್ಲ.

ಅಕ್ಕ ನನ್ನೊಡನೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಹಗುರಾಗುತ್ತಿತ್ತು. ಹೋದರೆ ಕೂರು ಎನ್ನುತ್ತಿದ್ದಳು, ಕಾಫಿ ಕೊಡುತ್ತಿದ್ದಳು. ಆದರೆ ಮೊದಲಿನ ಹಾಗೆ ಮನೆಯ ಸುದ್ದಿ ಹೇಳುತ್ತಿರಲಿಲ್ಲ. ಗೌರಿ ಹಬ್ಬಕ್ಕೆ ನಾನು ಬಾಗಿನ ಕೊಟ್ಟಾಗ ತೆಗೆದುಕೊಂಡು, ಒಳ್ಳೇದಾಗಲಿ ಎಂದಳು, ಪಕ್ಕದ ಮನೆಯವರಿಗೆ ಹೇಳುವ ಹಾಗೆ. ಭಾವನೇ ಒಂದು ದಿನ ದಾರಿಯಲ್ಲಿ ಸಿಕ್ಕಿ, ಸ್ವಲ್ಪ ದಿನ ಬಿಡಮ್ಮ, ಅವಳಿಗೆ ನಿನ್ನ ಮೇಲಿರುವುದು ಸಿಟ್ಟಲ್ಲ ಎಂದರು. 

ಚಳಿಗಾಲದಲ್ಲಿ ದಾರಿಯ ಉದ್ಘಾಟನೆಯಾಯಿತು. ನಾನು ಹೋಗಲಿಲ್ಲ, ಜ್ವರ ಎಂದು ಹೇಳಿಸಿದೆ. ಅಕ್ಕ ಮಾತ್ರ ಆ ವಾರವೇ ಖಾಲಿ ಸೈಟಿನವರ ಒಪ್ಪಿಗೆ ಪಡೆದು, ತಗಡಿನ ಚಪ್ಪರ ಹಾಕಿ, ಕಾವಲಿ ಇಟ್ಟೇಬಿಟ್ಟಳು. ರೊಟ್ಟಿಗೆ ಜನ ಬಂದರು. ನಾನು ಆಫೀಸು ಬಿಟ್ಟು ದೂರದಿಂದ ನೋಡಿ ಹೋಗುತ್ತಿದ್ದೆ. ಒಂದು ಸಂಜೆ ಅವಳೇ ಕೈ ಮಾಡಿ ಕರೆದಳು. ಅವತ್ತು ಗಿರಾಕಿ ಕಡಿಮೆ ಇದ್ದರು. ಎದುರಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ಅವಳು ಮೊಣಕಾಲು ನೀವಿಕೊಳ್ಳುತ್ತ, ನಿಂತು ನಿಂತು ನೋವು ಶುರುವಾಗಿದೆ ಎಂದಳು. ಯಾವ ಎಣ್ಣೆ ಹಚ್ಚುತ್ತೀಯ ಎಂದು ಕೇಳಿದೆ. ಹೀಗೆ ಸ್ವಲ್ಪ ಹೊತ್ತು ಆಯಿತು.

ಆಮೇಲೆ ಹೊಳೆಯನ್ನೇ ನೋಡುತ್ತ ಕೇಳಿದಳು, "ಈ ದಾರಿ ವಿಷಯದಲ್ಲಿ ನಿಂಗೆ ಗೊತ್ತಿದ್ದು ನಂಗೆ ಹೇಳದೆ ಇರೋದು ಇನ್ನೇನಾದ್ರೂ ಇದ್ಯಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಒಂದು ಇತ್ತು. ಹೇಳಿದೆ. ಗೋಡೆಯ ಎತ್ತರವನ್ನು ನಾನು ಇಟ್ಟದ್ದು ಆ ಎರಡು ವರ್ಷ ಬಂದ ನೀರಿನ ಗುರುತು ನೋಡಿ, ಅದರ ಮೇಲೆ ಎರಡಡಿ ಸೇರಿಸಿ. ಅದಕ್ಕಿಂತ ದೊಡ್ಡದು ಬಂದರೆ ಈ ಗೋಡೆ, ಈ ಬಾಗಿಲು ಯಾವುದೂ ಏನೂ ಮಾಡುವುದಿಲ್ಲ ಎಂದೆ.

ಅಕ್ಕ ನನ್ನ ಕಡೆ ತಿರುಗಿದಳು. "ಅದು ನಂಗೆ ಗೊತ್ತು. ಹೊಳೆ ಪಕ್ಕ ಇರೋರಿಗೆಲ್ಲ ಗೊತ್ತು" ಎಂದಳು.

ಯಾರೋ ಇಬ್ಬರು ಚಪ್ಪರದ ಹತ್ತಿರ ಬಂದು ನಿಂತು ಇಣುಕುತ್ತಿದ್ದರು. ಅಕ್ಕ ಬೆಂಚಿಗೆ ಕೈಯೂರಿ ಎದ್ದಳು. ಕಲಸಿಟ್ಟ ಹಿಟ್ಟು ಖಾಲಿಯಾಗಿದೆ, ಬಂದು ಈರುಳ್ಳಿ ಹೆಚ್ಚಿಕೊಡು ಎಂದಳು. ನಾನು ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆ ಹೋದೆ.